ಎರಡು ಕ್ಯಾನ್ಸರ್, ಮೊದಲು ಯಾವುದು?

ಸೋಮವಾರಪೇಟೆ ಕಡೆಯ, ಅರವತ್ತು ದಾಟಿದ ಅಮ್ಮನೊಬ್ಬರು ಸ್ತನದ ಗಂಟು ತೋರಿಸಲು ಮಡಿಕೇರಿಯಲ್ಲಿ ನನ್ನ ಬಳಿ ಬಂದಿದ್ದರು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂತು. ಈಸ್ಟ್ರೊಜೆನ್ ಹಾರ್ಮೋನಿನ ಆಸರೆಯಲ್ಲಿ, ನಿಧಾನವಾಗಿ ಬೆಳೆಯುವ ಬಗೆ. ನನ್ನನ್ನು ಕಾಡಿದ್ದು ರಕ್ತದ ವರದಿ. ಹಿಮೋಗ್ಲೋಬಿನ್ 7, ಕಬ್ಬಿಣಾಂಶ ತೀರಾ ಕಡಿಮೆ. ಕಾಫಿ ಕೊಯ್ಲಿನ ದಣಿವು ಎಂದರು ಮನೆಯವರು. ಮುಟ್ಟು ನಿಂತು ವರ್ಷಗಳಾದವರಲ್ಲಿ ಕಬ್ಬಿಣ ಇಷ್ಟು ಇಳಿದರೆ ಹೊಟ್ಟೆಯೊಳಗೆ ಎಲ್ಲೋ ರಕ್ತ ಸೋರುತ್ತಿದೆಯೇ ಎಂದು ಮೊದಲು ನೋಡಬೇಕು. ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಕೊಲೊನೋಸ್ಕೋಪಿ ಮಾಡಿಸಿದಾಗ ಅದರ ಬಲಭಾಗದಲ್ಲಿ ಗೆಡ್ಡೆ ಕಂಡಿತು.

"ಎದೆಯದ್ದೇ ಹೊಟ್ಟೆಗೆ ಇಳಿದಿದೆ ಅಲ್ಲವೇ ಸರ್? ಇನ್ನು ಅಮ್ಮನನ್ನು ಅಲೆಸುವುದು ಬೇಡ" ಎಂದ ಮಗ. ಹರಡಿದ್ದಾದರೆ ಅದು ಪೂರ್ತಿ ಗುಣಪಡಿಸುವುದು ಕಷ್ಟವಾದ ನಾಲ್ಕನೇ ಹಂತ. ಆದರೆ ಕರುಳಿನ ತುಣುಕು ಕರುಳಿನ ಗುರುತಾದ ಸಿಡಿಎಕ್ಸ್2 ಪರೀಕ್ಷೆಗೆ ಬಣ್ಣ ಹಿಡಿಯಿತು, ಸ್ತನದ ಗುರುತಾದ ಗಾಟಾ3ಗೆ ಹಿಡಿಯಲಿಲ್ಲ. ಸ್ಕ್ಯಾನಿನಲ್ಲಿ ಯಕೃತ್ತು, ಶ್ವಾಸಕೋಶ ಶುದ್ಧ. ಎಂದರೆ ಎರಡು ಬೇರೆ ಬೇರೆ ಕಾಯಿಲೆ. ಎರಡಕ್ಕೂ ಅದರದರದೇ ಹಂತ, ಎರಡೂ ಗುಣಪಡಿಸಬಹುದಾದವು. ಎರಡು ಕ್ಯಾನ್ಸರ್ ಎಂಬ ಮಾತು ಕೇಳಿಯೇ ಕೈಚೆಲ್ಲುವವರಲ್ಲಿ ವೈದ್ಯರೂ ಇದ್ದಾರೆ.

ರಕ್ತ ಸೋರುವ, ನಾಳೆ ಕಟ್ಟಿಕೊಳ್ಳಬಹುದಾದ ಕರುಳು ಕಾಯುವುದಿಲ್ಲ. ಸ್ತನದ್ದನ್ನು ಈಸ್ಟ್ರೊಜೆನ್ ತಗ್ಗಿಸುವ, ದಿನಕ್ಕೊಂದು ಲೆಟ್ರೋಜೋಲ್ ಮಾತ್ರೆ ಕೆಲವು ತಿಂಗಳು ತಡೆದಿಡಬಲ್ಲದು. ಹಾಗಾಗಿ ರಕ್ತ ಕೊಟ್ಟು, ಮೈಸೂರಿನಲ್ಲಿ ಕರುಳಿನ ಶಸ್ತ್ರಚಿಕಿತ್ಸೆ ಮೊದಲು ಮಾಡಿಸಿದೆವು. ಕರುಳಿನ ಕ್ಯಾನ್ಸರ್ ಪಕ್ಕದ ದುಗ್ಧಗ್ರಂಥಿಗಳಿಗೂ (ಲಿಂಫ್ ಗಂಟುಗಳಿಗೂ) ತಗುಲಿದ್ದರಿಂದ ಕೀಮೋ ಬೇಕಾಯಿತು: ಮೂರು ವಾರಕ್ಕೊಮ್ಮೆ ಆಕ್ಸಲಿಪ್ಲಾಟಿನ್ ಡ್ರಿಪ್, ಜೊತೆಗೆ ಕ್ಯಾಪೆಸಿಟಾಬಿನ್ ಮಾತ್ರೆ. ಈ ಮಾತ್ರೆ ಸ್ತನದ ಕ್ಯಾನ್ಸರಿಗೂ ಬಳಕೆಯಲ್ಲಿರುವುದೇ.

ಕೀಮೋ ಶುರುವಾದಾಗ ಕೊಡಗಿನಲ್ಲಿ ಮಳೆ ಹಿಡಿದಿತ್ತು. ಆಕ್ಸಲಿಪ್ಲಾಟಿನ್ ಪಡೆದವರಿಗೆ ತಂಪು ತಾಗಬಾರದು. "ನಲ್ಲಿ ನೀರು ಮುಟ್ಟಿದರೆ ಬೆರಳಿಗೆ ಮುಳ್ಳು ಚುಚ್ಚಿದ ಹಾಗಾಗುತ್ತದೆ ಡಾಕ್ಟರೇ, ಒಮ್ಮೆ ತಣ್ಣೀರು ಕುಡಿದು ಗಂಟಲೇ ಕಟ್ಟಿತು" ಎಂದರು ಅಮ್ಮ. ಗಂಟಲು ಕಟ್ಟಿದ್ದು ನರಗಳ ಆಟ, ಉಸಿರು ನಿಲ್ಲುವುದಿಲ್ಲ ಎಂದು ತಿಳಿಹೇಳಿದೆ. ಹಂಡೆಯ ಬಿಸಿನೀರು, ಉಣ್ಣೆಯ ಕೈಗವಸು, ಹೊರಗೆ ಹೊರಟರೆ ಮೂಗು ಬಾಯಿಗೆ ಶಾಲು. ಕ್ಯಾಪೆಸಿಟಾಬಿನ್ ಅಂಗೈ ಸುಲಿಸುವುದರಿಂದ ತೋಟದಲ್ಲಿ ಕತ್ತಿ ಹಿಡಿಯುವುದೂ ಬೇಡವೆಂದೆ. ಆ ಮಾತಿಗೆ ಮಾತ್ರ ಅವರು ಮುಖ ಸಿಂಡರಿಸಿದರು. ಪ್ರತಿ ಭೇಟಿಯಲ್ಲೂ ಸ್ತನದ ಗಂಟನ್ನು ಅಳೆದು ಬರೆದಿಟ್ಟೆ. ಅದು ಕುಗ್ಗುತ್ತಾ ಬಂತು. ಕೀಮೋ ಮುಗಿದ ಮೇಲೆ ಅದನ್ನೂ ತೆಗೆಸಿದೆವು.

ಎರಡು ಕ್ಯಾನ್ಸರ್ ಒಟ್ಟಿಗೆ ಬಂದಾಗ ವಂಶದ ಪ್ರಶ್ನೆ ಬರುತ್ತದೆ. ಕರುಳಿನ ಗೆಡ್ಡೆಯಲ್ಲಿ ಕರುಳಿನ ಕ್ಯಾನ್ಸರಿಗೆ ಎಡೆಮಾಡುವ, ವಂಶದಲ್ಲಿ ಹರಿದುಬರುವ ಲಿಂಚ್ ದೋಷದ ಪರೀಕ್ಷೆ ಮಾಡಿಸಿದೆ, ದೋಷ ಕಾಣಲಿಲ್ಲ. ಲೆಟ್ರೋಜೋಲ್ ಮೂಳೆ ಸವೆಸುವುದರಿಂದ ಈಗ ಕ್ಯಾಲ್ಸಿಯಂ, ವಿಟಮಿನ್ ಡಿ ನಡೆಯುತ್ತಿವೆ. ಶಸ್ತ್ರಚಿಕಿತ್ಸೆಗೆ ವರ್ಷ ತುಂಬಿದಾಗ ಮತ್ತೆ ಕೊಲೊನೋಸ್ಕೋಪಿ ಇದೆ.