ತಾರಸಿಯಲ್ಲೊಂದು ಗಾಳಿ ಮಾಪಕ: ಜೋಡಿಸುವುದು ಸುಲಭ, ನಂಬುವುದು ಕಷ್ಟ

ಬೆಂಗಳೂರಿನ ಸಿಲ್ಕ್ ಬೋರ್ಡ್‌ನಲ್ಲಿ ಗಾಳಿ ಹೇಗಿದೆಯೆಂದು ಮಾಲಿನ್ಯ ನಿಯಂತ್ರಣ ಮಂಡಳಿಯ ಕೇಂದ್ರ ಹೇಳುತ್ತದೆ. ನಿಮ್ಮ ಅಡ್ಡರಸ್ತೆಯಲ್ಲಿ ಯಾರೋ ಕಸಕ್ಕೆ ಬೆಂಕಿ ಇಟ್ಟಾಗ ಏನಾಗುತ್ತದೆಂದು ಹೇಳುವವರಿಲ್ಲ. ಅದಕ್ಕೆ ಗಾಳಿಯಲ್ಲಿರುವ ಪಿಎಂ 2.5, ಅಂದರೆ 2.5 ಮೈಕ್ರಾನ್‌ವರೆಗಿನ ಸೂಕ್ಷ್ಮ ಕಣ ಅಳೆಯುವ ಕೆಲವು ಸಾವಿರ ರೂಪಾಯಿಯ ಪುಟ್ಟ ಮಾಪಕ ಸಾಕು. ಜೋಡಣೆ ಒಂದು ಮಧ್ಯಾಹ್ನದ ಕೆಲಸ. ಜನ ಎಡವುವುದು ಅದಾದ ಮೇಲೆ. ಸಿಕ್ಕ ಕಡೆ ನೇತುಹಾಕಿ, ಮರುದಿನವೇ ಅದರ ಅಂಕಿಯನ್ನು ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿ ಗಾಬರಿ ಹುಟ್ಟಿಸುತ್ತಾರೆ.

ಸಾಮಾನು

ದೂಳಿನ ಕಣ ಅಳೆಯುವ ಪ್ಲಾಂಟವರ್ ಪಿಎಂಎಸ್5003 ಸೆನ್ಸರ್ ಎರಡು, ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಪುಟ್ಟ ಕಂಪ್ಯೂಟರ್) ಒಂದು, ತೇವಾಂಶ ಅಳೆಯಲು ಬಿಎಂಇ280, 5 ವೋಲ್ಟ್ 2 ಆಂಪಿಯರ್ ಅಡಾಪ್ಟರ್, 110 ಮಿ.ಮೀ. ಪಿವಿಸಿ ಬೆಂಡ್ ಎರಡು, ಸೊಳ್ಳೆ ಜಾಲರಿಯ ತುಂಡು.

ಸೆನ್ಸರ್ ಎರಡೇ ಇರಲಿ, ಇದರಲ್ಲಿ ಜಿಪುಣತನ ಬೇಡ. ಒಂದೇ ಇದ್ದರೆ ಅದು ಕೆಟ್ಟದ್ದು ನಿಮಗೆ ತಿಳಿಯುವುದೇ ಇಲ್ಲ. ಎರಡಿದ್ದರೆ ಅಂಕಿಗಳು ಬೇರೆಯಾದ ದಿನವೇ ಗೊತ್ತಾಗುತ್ತದೆ.

‘ಏರ್ ಕ್ವಾಲಿಟಿ ಸೆನ್ಸರ್’ ಎಂದು ಅಗ್ಗಕ್ಕೆ ಸಿಗುವ ಎಂಕ್ಯೂ-135 ಕೊಳ್ಳಬೇಡಿ. ಅದು ಅನಿಲಕ್ಕೆ ಸ್ಪಂದಿಸುತ್ತದೆ, ಅದೂ ಇಂಥದ್ದೇ ಅನಿಲವೆಂದು ಹೇಳದೆ. ದೂಳಿನ ಕಣ ಅದಕ್ಕೆ ಕಾಣುವುದೇ ಇಲ್ಲ. ಇನ್ನೊಂದು ಮೋಸ: ಬಿಎಂಇ280 ಎಂಬ ಹೆಸರಿನಲ್ಲಿ ಬಿಎಂಪಿ280 ಮಾರುತ್ತಾರೆ. ನೋಡಲು ಅವಳಿ, ಆದರೆ ತೇವಾಂಶ ಅಳೆಯುವುದಿಲ್ಲ. ಚಿಪ್‌ನ ಗುರುತು ಸಂಖ್ಯೆ ಓದಿಸಿ ನೋಡಿ: 0x60 ಬಂದರೆ ಅಸಲಿ, 0x58 ಬಂದರೆ ವಾಪಸ್ ಕಳಿಸಿ.

ಜೋಡಣೆ

ಪಿಎಂಎಸ್5003ರ 1ನೇ ಪಿನ್‌ಗೆ 5 ವೋಲ್ಟ್, 2ಕ್ಕೆ ಗ್ರೌಂಡ್, 5ನೇ ಪಿನ್‌ನಿಂದ ಬೋರ್ಡ್‌ನ ಆರ್‌ಎಕ್ಸ್‌ಗೆ (ದತ್ತಾಂಶ ಪಡೆಯುವ ಪಿನ್) ತಂತಿ, ದತ್ತಾಂಶದ ವೇಗ 9600. ಸಾಫ್ಟ್‌ವೇರ್‌ಗೆ ಉಚಿತವಾದ ಇಎಸ್‌ಪಿಹೋಮ್ ಸಾಕು. 3.3 ವೋಲ್ಟ್ ಕೊಟ್ಟರೂ ಕೆಲವೊಮ್ಮೆ ಫ್ಯಾನ್ ತಿರುಗುತ್ತದೆ, ಆದರೆ ನಿಧಾನವಾಗಿ, ಮತ್ತು ಅಂಕಿ ಸುಳ್ಳಾಗುತ್ತದೆ. ಹಳೇ ಮೊಬೈಲ್ ಚಾರ್ಜರ್ ಬಳಸಿದರೂ ಇದೇ ಕಥೆ, ಜೊತೆಗೆ ವೈಫೈ ಎದ್ದಾಗಲೆಲ್ಲ ಬೋರ್ಡ್ ರೀಸ್ಟಾರ್ಟ್ ಆಗುತ್ತದೆ.

ಈ ಸೆನ್ಸರ್ ‘ಸಿಎಫ್ 1’ ಮತ್ತು ‘ಅಟ್ಮಾಸ್ಫೆರಿಕ್’ ಎಂದು ಎರಡು ಬಗೆಯ ಅಂಕಿ ಕೊಡುತ್ತದೆ. ಗಾಳಿ ಶುಭ್ರವಿದ್ದಾಗ ಎರಡೂ ಒಂದೇ, ಮಾಲಿನ್ಯ ಏರಿದಂತೆ ದೂರವಾಗುತ್ತವೆ. ಸಿಎಫ್ 1 ಆರಿಸಿಕೊಂಡು ಕೊನೆವರೆಗೂ ಅದನ್ನೇ ಬಳಸಿ.

ಗೂಡು ಮತ್ತು ಜಾಗ

ಬೆಂಡ್‌ಗಳನ್ನು ತಲೆಕೆಳಗಾದ ‘ಯು’ ಆಕಾರಕ್ಕೆ ಸೇರಿಸಿ, ಎರಡೂ ಬಾಯಿ ಕೆಳಮುಖವಾಗಿರಲಿ, ಜಾಲರಿ ಕಟ್ಟಿ. ಈ ಸೆನ್ಸರ್ ಗಾಳಿ ಎಳೆಯುವ ತೂತು ಮತ್ತು ಬಿಡುವ ಫ್ಯಾನ್ ಒಂದೇ ಮಗ್ಗುಲಲ್ಲಿವೆ. ನಡುವೆ ಫೋಮ್ ಪಟ್ಟಿ ಅಂಟಿಸದಿದ್ದರೆ ತಾನು ಬಿಟ್ಟ ಗಾಳಿಯನ್ನೇ ಮತ್ತೆ ಎಳೆಯುತ್ತಾ ಕೂರುತ್ತದೆ. ಬಿಎಂಇ280 ಅನ್ನು ಬೋರ್ಡ್‌ಗಿಂತ ಕೆಳಗೆ, ಬಾಯಿಯ ಹತ್ತಿರ ಇಡಿ. ಮೇಲಿಟ್ಟರೆ ಬೋರ್ಡ್‌ನ ಬಿಸಿ ತಾಗಿ ತೇವಾಂಶ ಕಡಿಮೆ ತೋರಿಸುತ್ತದೆ.

ನೆಲದಿಂದ 3 ಮೀಟರ್‌ಗಿಂತ ಮೇಲೆ, ಮೂರು ಕಡೆ ಬಯಲಿರುವ ಜಾಗ ಬೇಕು. ಅಡುಗೆಮನೆಯ ಎಕ್ಸಾಸ್ಟ್, ಜನರೇಟರ್ ಹೊಗೆಕೊಳವೆ, ಸೌದೆ ಉರಿಸುವ ಹಂಡೆ ಒಲೆ ಹತ್ತಿರವಿದ್ದರೆ ನೀವು ಅಳೆಯುವುದು ಒಗ್ಗರಣೆಯನ್ನು, ಊರಿನ ಗಾಳಿಯನ್ನಲ್ಲ.

ತಾಳೆ ನೋಡುವುದು

ಬಹುತೇಕರು ಬಿಟ್ಟುಬಿಡುವುದು ಇದನ್ನೇ. ಈ ಸೆನ್ಸರ್ ಕಣವನ್ನು ತೂಗುವುದಿಲ್ಲ. ಲೇಸರ್ ಬೆಳಕು ಕಣಕ್ಕೆ ತಾಗಿ ಎಷ್ಟು ಚದುರಿತೆಂದು ನೋಡಿ, ತೂಕವನ್ನು ಊಹಿಸುತ್ತದೆ. ತೇವಾಂಶ ಶೇ 80ರ ಆಸುಪಾಸಿಗೆ ಬಂದಾಗ ಗಾಳಿಯಲ್ಲಿರುವ ಉಪ್ಪಿನಂಥ ಕಣಗಳು ನೀರು ಹೀರಿ ಉಬ್ಬುತ್ತವೆ, ಬೆಳಕನ್ನು ಹೆಚ್ಚು ಚದುರಿಸುತ್ತವೆ. ಹಾಗಾಗಿ ಡಿಸೆಂಬರ್‌ನ ಮಂಜು ಮುಸುಕಿದ ಮುಂಜಾನೆ ಮಾಪಕ ಬೊಬ್ಬೆ ಹೊಡೆಯುತ್ತದೆ. ಮಂಡಳಿಯ ಯಂತ್ರಗಳಲ್ಲಿ ಗಾಳಿಯನ್ನು ಒಣಗಿಸಿಯೇ ಅಳೆಯುವ ವ್ಯವಸ್ಥೆ ಇರುತ್ತದೆ.

ಪರಿಹಾರ ಒಂದೇ. ಮಾಪಕವನ್ನು ಸರ್ಕಾರಿ ಕೇಂದ್ರದ ಪಕ್ಕ ಕೂರಿಸಿ, ಎರಡರ ಅಂಕಿ ಹೋಲಿಸಿ ತಿದ್ದುಪಡಿಯ ಲೆಕ್ಕ ಕಂಡುಕೊಳ್ಳಬೇಕು. ಬೆಂಗಳೂರಿನಲ್ಲಿ ಪೀಣ್ಯ, ಹೆಬ್ಬಾಳ, ಜಯನಗರ, ಬಿಟಿಎಂ ಬಡಾವಣೆ, ಬಾಪೂಜಿನಗರಗಳಲ್ಲಿ ಕೇಂದ್ರಗಳಿವೆ. ಆವರಣದೊಳಗೆ ಅನುಮತಿ ಸಿಗದಿದ್ದರೆ ನೂರು ಮೀಟರ್ ಒಳಗಿನ, ರಸ್ತೆಯಿಂದ ಅಷ್ಟೇ ದೂರದ ತಾರಸಿ ಆದೀತು. ಕನಿಷ್ಠ ಎರಡು ವಾರ ಬೇಸಿಗೆಯಲ್ಲಿ, ಎರಡು ವಾರ ಮಳೆಗಾಲದಲ್ಲಿ. ಬೇಸಿಗೆಯ ತಿದ್ದುಪಡಿ ಜುಲೈಗೆ ಹೊಂದುವುದಿಲ್ಲ.

ಬಳಿಕ ಕೇಂದ್ರೀಯ ಮಂಡಳಿಯ ಜಾಲತಾಣದಿಂದ ಆ ಕೇಂದ್ರದ ಗಂಟೆವಾರು ಪಿಎಂ 2.5 ಅಂಕಿ ಇಳಿಸಿಕೊಳ್ಳಿ. ನಿಮ್ಮದನ್ನೂ ಗಂಟೆಯ ಸರಾಸರಿಗೆ ತನ್ನಿ. 45 ನಿಮಿಷಕ್ಕಿಂತ ಕಡಿಮೆ ದತ್ತಾಂಶವಿರುವ ಗಂಟೆಗಳನ್ನು ಕೈಬಿಡಿ. ಇಲ್ಲೊಂದು ಗುಂಡಿ ಇದೆ, ನೋಡಿಕೊಂಡು ನಡೆಯಿರಿ. ಬೋರ್ಡ್ ಸಾಮಾನ್ಯವಾಗಿ ಗ್ರೀನಿಚ್ ಹೊತ್ತು ಬರೆಯುತ್ತದೆ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಮೊದಲು ಸರಾಸರಿ ತೆಗೆದು ಆಮೇಲೆ ಗಂಟೆ ಸರಿಸಿದರೆ ಆ ಅರ್ಧ ಗಂಟೆ ಉಳಿದೇ ಬಿಡುತ್ತದೆ: ನಿಮ್ಮ ಒಂದು ಗಂಟೆ ಮಂಡಳಿಯ ಎರಡು ಗಂಟೆಗಳ ಮೇಲೆ ಅರ್ಧರ್ಧ ಕೂರುತ್ತದೆ. ಹೊತ್ತನ್ನು ಮೊದಲು ಬದಲಿಸಿ, ಆಮೇಲೆ ಸರಾಸರಿ.

ಎಕ್ಸೆಲ್‌ನಲ್ಲಿ ಮೂರು ಕಾಲಂ ಮಾಡಿ: ಮಂಡಳಿಯ ಅಂಕಿ, ನಿಮ್ಮ ಅಂಕಿ, ತೇವಾಂಶ. ರಿಗ್ರೆಶನ್ (ನಿಮ್ಮ ಅಂಕಿ ಮತ್ತು ತೇವಾಂಶದಿಂದ ಮಂಡಳಿಯ ಅಂಕಿಯನ್ನು ಅಂದಾಜಿಸುವ ಲೆಕ್ಕ) ಹಾಕಿದರೆ ಎರಡು ಗುಣಾಂಕ, ಒಂದು ಸ್ಥಿರಾಂಕ ಸಿಗುತ್ತವೆ. ಉದಾಹರಣೆಗೆ ನಿಮ್ಮ ಅಂಕಿಗೆ 0.55, ತೇವಾಂಶಕ್ಕೆ −0.1 ಮತ್ತು ಸ್ಥಿರಾಂಕ 8 ಬಂತು ಎನ್ನಿ. ಮಾಪಕ 90 ತೋರಿಸಿ ತೇವಾಂಶ ಶೇ 60 ಇದ್ದರೆ: 49.5ರಲ್ಲಿ 6 ಕಳೆದು 8 ಕೂಡಿಸಿ, ಘನ ಮೀಟರ್ ಗಾಳಿಗೆ 51.5 ಮೈಕ್ರೋಗ್ರಾಂ. ಕಚ್ಚಾ ಅಂಕಿ ನಮ್ಮ 24 ಗಂಟೆಯ ಮಿತಿಯಾದ 60ನ್ನು ದಾಟಿತ್ತು, ತಿದ್ದಿದ್ದು ದಾಟಲಿಲ್ಲ. ಅಮೆರಿಕದ ಪರಿಸರ ಸಂಸ್ಥೆಯ ಸಿದ್ಧ ಸೂತ್ರ ಅಂತರ್ಜಾಲದಲ್ಲಿ ಸಿಗುತ್ತದೆ. ಅದನ್ನು ಹಾಗೇ ಎತ್ತಿ ಇಲ್ಲಿಗೆ ಅಂಟಿಸಬೇಡಿ, ಅದು ಅಲ್ಲಿನ ಗಾಳಿಗೆ ಹೊಲಿದ ಅಂಗಿ.

ಪಿಎಂ 10 (10 ಮೈಕ್ರಾನ್‌ವರೆಗಿನ ಕಣ) ಕಾಲಂ ಕೂಡ ಕಾಣುತ್ತದೆ. ಅದನ್ನು ನೋಡಲೇಬೇಡಿ. ಗುಂಡಿ ಬಿದ್ದ ರಸ್ತೆಯ ದಪ್ಪ ದೂಳು ಈ ಪುಟ್ಟ ಫ್ಯಾನ್‌ನ ಅಂಕುಡೊಂಕು ದಾರಿಯಲ್ಲಿ ಲೇಸರ್‌ವರೆಗೆ ತಲುಪುವುದೇ ಕಷ್ಟ.

ಅಂಕಿ ಹೇಳುವ ಮುನ್ನ

ನಿಮಿಷದ ಅಂಕಿಗೆ ‘ಎಕ್ಯೂಐ’ (ವಾಯು ಗುಣಮಟ್ಟ ಸೂಚ್ಯಂಕ) ಎಂದು ಹೆಸರಿಡಬಾರದು. ನಮ್ಮ ದೇಶದ ಸೂಚ್ಯಂಕಕ್ಕೆ ಪಿಎಂ 2.5ರ 24 ಗಂಟೆಯ ಸರಾಸರಿ ಬೇಕು, ಅದರಲ್ಲಿ ಕನಿಷ್ಠ 16 ಗಂಟೆಯ ದತ್ತಾಂಶ ಇರಬೇಕು, ಒಟ್ಟು ಮೂರು ಮಾಲಿನ್ಯಕಾರಕಗಳಾದರೂ ಬೇಕು. ನಿಮ್ಮ ಬಳಿ ಇರುವುದು ಒಂದೇ. ‘ಪಿಎಂ 2.5, ಇಷ್ಟು ಮೈಕ್ರೋಗ್ರಾಂ, ಗಂಟೆಯ ಸರಾಸರಿ, ತಿದ್ದಿದ್ದು’ ಎಂದು ಬರೆಯಿರಿ. ತೇವಾಂಶ ಶೇ 90 ದಾಟಿದ ಗಂಟೆಗಳನ್ನು ಪ್ರಕಟಿಸದಿರುವುದೇ ಲೇಸು.

ನಿಗಾ

ತಿಂಗಳಿಗೊಮ್ಮೆ ಜಾಲರಿಯನ್ನು ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ. ಸೆನ್ಸರ್ ಬಿಚ್ಚಬೇಡಿ, ಕಂಪ್ರೆಸರ್ ಗಾಳಿ ಊದಬೇಡಿ. ವರ್ಷಕ್ಕೊಮ್ಮೆ ಮತ್ತೆ ಕೇಂದ್ರದ ಪಕ್ಕ ಕೂರಿಸಿ ತಾಳೆ ನೋಡಿ. ಎರಡು ಸೆನ್ಸರ್‌ಗಳ ನಡುವಿನ ಅಂತರ ದಿನೇದಿನೇ ಹಿಗ್ಗುತ್ತಿದ್ದರೆ ಹೊಸದು ತರಿಸುವ ಮುನ್ನ ಟಾರ್ಚ್ ಹಿಡಿದು ಗಾಳಿ ಎಳೆಯುವ ತೂತು ನೋಡಿ, ಅಲ್ಲಿ ಜೇಡ ಬಲೆ ಕಟ್ಟಿರುವ ಸಾಧ್ಯತೆಯೇ ಹೆಚ್ಚು.