ದಾಸರ ಹಳೆಯ ಸಿನಿಮಾ ಹುಡುಕುವುದು ಹೇಗೆ?

ಏಕಾದಶಿ ದಿನ ಅಮ್ಮ ಕೇಳಿದರು: "ರಾಜ್‌ಕುಮಾರ್ ಪುರಂದರದಾಸರಾಗಿದ್ರಲ್ಲ, ಆ ಸಿನಿಮಾ ಸಿಗುತ್ತೇನೋ ನೋಡು." ಪುಣೆಯ ಕೋಥ್ರೂಡಿನ ನಮ್ಮ ಮನೆಯಲ್ಲಿ ಅರ್ಧ ದಿನ ಅದೇ ಕೆಲಸವಾಯಿತು.

ಮೊದಲು ಹೆಸರು, ವರ್ಷ ಗಟ್ಟಿ ಮಾಡಿಕೊಳ್ಳಿ. ಸುಮ್ನೆ 'ಪುರಂದರದಾಸ' ಅಂತ ಹಾಕಿದರೆ ಭಜನೆ, ಕಛೇರಿಗಳೇ ಬರುತ್ತವೆ. ಸಿನಿಮಾದ ಹೆಸರು 'ನವಕೋಟಿ ನಾರಾಯಣ', 1964ರದ್ದು. ಹೆಸರು, ವರ್ಷ, ನಾಯಕ ಮೂರನ್ನೂ ಕನ್ನಡದಲ್ಲೇ ಬರೆದು ಹುಡುಕಿ. ಸಿಗದಿದ್ದರೆ ಇಂಗ್ಲಿಷಿನಲ್ಲಿ 'ನವ' 'ಕೋಟಿ'ಯನ್ನು ಕೂಡಿಸಿ ಒಮ್ಮೆ, ಬಿಡಿಸಿ ಒಮ್ಮೆ ಬರೆಯಿರಿ.

ಯಾವ ಸಿನಿಮಾ ಯಾವ ಓಟಿಟಿಯಲ್ಲಿದೆ ಎಂದು ಜಸ್ಟ್‌ವಾಚ್ ಎಂಬ ವೆಬ್‌ಸೈಟ್ ತೋರಿಸುತ್ತದೆ. ದೇಶ ಭಾರತ ಅಂತಲೇ ಇರಲಿ. ಅಲ್ಲಿಲ್ಲವಾದರೆ ಯೂಟ್ಯೂಬಿಗೆ ಬನ್ನಿ. ಫಿಲ್ಟರಿನಲ್ಲಿ 20 ನಿಮಿಷಕ್ಕಿಂತ ಉದ್ದದ್ದನ್ನು ಆರಿಸಿದರೆ ತುಣುಕುಗಳ ಕಾಟ ತಪ್ಪುತ್ತದೆ. ನಮ್ಮಲ್ಲಿ ಸಿನಿಮಾದ ಹಕ್ಕು 60 ವರ್ಷಕ್ಕೆ ಮುಗಿಯುತ್ತದೆ. ಹಾಗಾಗಿ ಅಷ್ಟು ಹಳೆಯ ಚಿತ್ರಗಳನ್ನು ಯಾರು ಬೇಕಾದರೂ ಹಾಕಬಹುದು, ಪ್ರತಿ ಹೇಗಿದೆಯೋ ನಾವೇ ನೋಡಿಕೊಳ್ಳಬೇಕು.

ಇಲ್ಲೇ ಸ್ವಲ್ಪ ನಿಲ್ಲಿ. ಇಂಥ ಸಿನಿಮಾಗಳನ್ನು ಬೇರೆ ಕಡೆ ಹುಡುಕುವಾಗ ನಮಗೊಮ್ಮೆ ಸಿಕ್ಕ ಪ್ರತಿಯಲ್ಲಿ ಹಾಡುಗಳನ್ನೇ ಕತ್ತರಿಸಿದ್ದರು. ಕೀರ್ತನೆ ಬರೆದವರ ಕಥೆಯಲ್ಲಿ ಕೀರ್ತನೆಯೇ ಇಲ್ಲದಿದ್ದರೆ ಉಳಿಯುವುದೇನು, ಅಲ್ವಾ? ಅದಕ್ಕೇ ಶುರುವಿನ ಸೆನ್ಸಾರ್ ಸರ್ಟಿಫಿಕೇಟಿನ ಮೇಲೆ ವಿಡಿಯೊ ನಿಲ್ಲಿಸಿ. ಅದರಲ್ಲಿ ರೀಲಿನ ಉದ್ದ ಮೀಟರಿನಲ್ಲಿ ಇದ್ದರೆ 27ರಿಂದ ಭಾಗಿಸಿ, ಹೆಚ್ಚುಕಡಿಮೆ ನಿಮಿಷ ಸಿಗುತ್ತದೆ. 4,000 ಮೀಟರ್ ಅಂದರೆ ಸುಮಾರು 148 ನಿಮಿಷ. ವಿಡಿಯೊ ಅದಕ್ಕಿಂತ ತುಂಬಾ ಚಿಕ್ಕದಿದ್ದರೆ ಬೇರೆ ಪ್ರತಿ ಹುಡುಕಿ.

ಬಾಡಿಗೆಗೆ ಸಿಕ್ಕರೆ ಅವಧಿ ಓದಿಕೊಳ್ಳಿ. ಸಾಮಾನ್ಯವಾಗಿ 30 ದಿನದೊಳಗೆ ಶುರು ಮಾಡಬೇಕು, ಶುರು ಮಾಡಿದ 48 ಗಂಟೆಯಲ್ಲಿ ಮುಗಿಸಬೇಕು. ವಯಸ್ಸಾದವರು ಕಂತಿನಲ್ಲಿ ನೋಡುವುದಾದರೆ ಇದು ನೆನಪಿರಲಿ.

ಪುಣೆಯವರಿಗೆ ಇನ್ನೊಂದು ದಾರಿಯಿದೆ. ಲಾ ಕಾಲೇಜು ರಸ್ತೆಯಲ್ಲಿ 1964ರಿಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ. ಅಲ್ಲಿನ ಥಿಯೇಟರಿನಲ್ಲಿ ಹಳೆಯ ಚಿತ್ರಗಳನ್ನು ತೋರಿಸುತ್ತಾರೆ, ಯಾವಾಗ ಏನಿದೆ ಅಂತ ವಿಚಾರಿಸುತ್ತಿರಿ. ಅದೇ ರಸ್ತೆಯ ಪ್ರಭಾತ್ ಸ್ಟುಡಿಯೊ ಈಗ ಫಿಲ್ಮ್ ಇನ್‌ಸ್ಟಿಟ್ಯೂಟ್. ಅಭಂಗಗಳನ್ನು ಬರೆದ ತುಕಾರಾಮರ ಮರಾಠಿ ಸಿನಿಮಾವನ್ನು 1936ರಲ್ಲಿ ತಂದದ್ದು ಪ್ರಭಾತ್‌ನವರೇ.

ಪುರಂದರದಾಸರ ಊರು ನಮ್ಮ ಹತ್ತಿರದ ಪುರಂದರಗಡ ಅಂತ ಒಂದು ವಾದ, ತೀರ್ಥಹಳ್ಳಿಯ ಆರಗ ಅಂತ ಇನ್ನೊಂದು. ಅಮ್ಮನ ಪ್ರಕಾರ ಗಡವೇ ಸರಿ. ಮುಂದಿನ ಏಕಾದಶಿಗೆ ಅವರಿಗೆ ತುಕಾರಾಮರು ಬೇಕಂತೆ.