ಅಲಾರಂ ಹೊಡೆದ ಕೂಡಲೇ ಓಡುವುದನ್ನು ಬಿಟ್ಟೆವು: ಪೊಲೀಸ್ ಕಂಟ್ರೋಲ್ ರೂಮಿನಿಂದ ನನ್ನ ಅನುಭವ

ಬರ್ಗ್ಲರ್ ಅಲಾರಂ, ಅಂದರೆ ಕಳ್ಳರು ನುಗ್ಗಿದರೆ ಹೊಡೆಯುವ ಅಲಾರಂ, ಹೊಡೆದ ಕೂಡಲೇ ಗಸ್ತು ಗಾಡಿ ಕಳಿಸಬೇಡಿ. ಎರಡನೇ ಸುಳಿವು ಸಿಕ್ಕ ಮೇಲೆ ಕಳಿಸಿ. ಆಗ ಮಾತ್ರ ಉಳಿದದ್ದೆಲ್ಲ ಬಿಟ್ಟು ಕಳಿಸಿ. ನಾನು ಇಷ್ಟು ಹೇಳಿದ್ದಕ್ಕೆ, "ಒಂದೇ ಒಂದು ನಿಜವಾದ ಕಳವು ತಪ್ಪಿದರೆ ಉತ್ತರ ಕೊಡೋರು ಯಾರು?" ಅಂತ ಮೇಲಿನವರೂ ಕೇಳಿದರು, ಗಾಡಿಯಲ್ಲಿ ಓಡಾಡುವವರೂ ಕೇಳಿದರು. ಅಲಾರಂ ಕಂಪನಿಗಳಂತೂ ಗ್ರಾಹಕರೆಲ್ಲ ಓಡಿಹೋಗುತ್ತಾರೆ ಅಂದವು. ಈಗ ಅದೇ ಪದ್ಧತಿ ನಡೆಯುತ್ತಿದೆ, ಚೆನ್ನಾಗಿಯೇ ನಡೆಯುತ್ತಿದೆ.

ಅಲಾರಂ ಕರೆಗಳಲ್ಲಿ ಸುಳ್ಳೆಷ್ಟು ಅಂತ ನಿಮಗೆ ಹೇಳಬೇಕಾಗಿಲ್ಲ. ಅಮೆರಿಕದ ಲೆಕ್ಕದಲ್ಲಿ ನೂರಕ್ಕೆ 94ರಿಂದ 98. ನಮ್ಮದೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಒಂದು ಕರೆಗೆ ಇಬ್ಬರು ಸಿಬ್ಬಂದಿ, ಹೋಗಿ ಸುತ್ತು ಹಾಕಿ ಬರಲು ಇಪ್ಪತ್ತು ನಿಮಿಷವಾದರೂ ಬೇಕು. ಸುಮಾರು ಲೆಕ್ಕ ಹೇಳುವುದಾದರೆ, ರಾತ್ರಿ ಪಾಳಿಯ ಐದು ಗಾಡಿಗಳಲ್ಲಿ ಒಂದರ ಸಂಬಳ, ಡೀಸೆಲ್ ಪೂರ್ತಿ ಇದಕ್ಕೇ ಹೋಗುತ್ತಿತ್ತು. ಅಲಾರಂ ಹಾಕಿಸಲು ಕೈಲಾಗದವರ ತೆರಿಗೆ ದುಡ್ಡೂ ಅದರಲ್ಲಿತ್ತು ಅಲ್ವಾ? ನನ್ನ ಹೊಟ್ಟೆ ಉರಿದದ್ದು ಅದಕ್ಕೇ.

ಮೊದಲು ಇಲಾಖೆ ಮಾಡಿದ್ದು, ಅಲಾರಂ ಕರೆಯನ್ನು ಸಾಲಿನಲ್ಲಿ ಕೆಳಕ್ಕೆ ಹಾಕಿದ್ದು. ಇದರಿಂದ ಏನೂ ಉಳಿಯಲಿಲ್ಲ. ಹೋಗುವುದಂತೂ ತಪ್ಪಲಿಲ್ಲ, ತಡವಾಗಿ ಹೋದೆವು ಅಷ್ಟೇ. ನಿಜವಾದ ಕಳ್ಳ ಆ ಹೊತ್ತಿಗೆ ಜಾಗ ಖಾಲಿ ಮಾಡಿರುತ್ತಿದ್ದ. ಅದಕ್ಕಿಂತ ಕೆಟ್ಟದ್ದೆಂದರೆ ಹುಡುಗರಿಗೆ ಅಭ್ಯಾಸ ಕೆಟ್ಟಿತು. ಗಾಡಿಯಿಂದ ಇಳಿಯದೆ ಕಿಟಕಿಯಿಂದಲೇ ಟಾರ್ಚ್ ಬಿಟ್ಟು "ಎಲ್ಲಾ ಸರಿ ಇದೆ" ಅಂತ ವೈರ್‌ಲೆಸ್‌ನಲ್ಲಿ ಹೇಳಿಬಿಡುತ್ತಿದ್ದರು. ಒಳಗೆ ಯಾರಾದರೂ ಆಯುಧ ಹಿಡಿದು ನಿಂತಿದ್ದರೆ ಅವರ ಜೀವಕ್ಕೇ ಅಪಾಯ.

ಆಮೇಲೆ ಬಂದದ್ದು ದಂಡ. ಇದರ ಮೇಲೆ ಎಲ್ಲರಿಗೂ ಭಾರಿ ನಂಬಿಕೆ ಇತ್ತು. ಬಿಲ್ಲು ಮಾಲೀಕರ ಹೆಸರಿಗೆ ಹೋಗುತ್ತಿತ್ತು. ಬಾಡಿಗೆದಾರರು ಬದಲಾಗಿದ್ದರಿಂದ ಅರ್ಧಕ್ಕರ್ಧ ಬಿಲ್ಲುಗಳು ವಾಪಸ್ ಬಂದವು. ದೊಡ್ಡ ಗೋದಾಮಿನವರು ಮಾತಿಲ್ಲದೆ ಕಟ್ಟಿದರು, ಮತ್ತೆ ಅಲಾರಂ ಹೊಡೆಯಿತು, ಮತ್ತೆ ಕಟ್ಟಿದರು. ಅವರಿಗೆ ಕಾವಲುಗಾರನ ಸಂಬಳಕ್ಕಿಂತ ನಮ್ಮ ದಂಡವೇ ಅಗ್ಗ. ವಸೂಲಿಗೆ ಕೂತ ಗುಮಾಸ್ತರ ಖರ್ಚು ಕಳೆದರೆ ಕೈಗೆ ಬಂದದ್ದು ಅಷ್ಟಕ್ಕಷ್ಟೇ.

ಅಷ್ಟರಲ್ಲಿ ನಾನು ಒಂದು ಪಟ್ಟಿ ಶುರು ಮಾಡಿದ್ದೆ. ಯಾವ ಜಾಗ, ಎಷ್ಟು ಹೊತ್ತಿಗೆ, ಯಾವ ಸೆನ್ಸರ್ ಹೊಡೆಯಿತು, ಇಷ್ಟೇ. ಎರಡು ವಿಷಯ ಎದ್ದು ಕಂಡವು. ಒಂದು, ಕೆಲವೇ ಜಾಗಗಳು ಬಹುಪಾಲು ಕರೆ ತರುತ್ತಿದ್ದವು. ಇನ್ನೊಂದು, ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತು ಮತ್ತು ರಾತ್ರಿ ಮುಚ್ಚುವ ಹೊತ್ತಿಗೆ ಕರೆಗಳು ಗುಂಪುಗಟ್ಟಿ ಬರುತ್ತಿದ್ದವು. ಕಳ್ಳರು ಆ ಹೊತ್ತಿಗೆ ಬರುವುದಿಲ್ಲ. ಕೀಪ್ಯಾಡ್ ಮುಂದೆ ತಡಕಾಡುತ್ತಿದ್ದವರು ಮಾಲೀಕರು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೇಳುತ್ತೇನೆ. ಒಂದು ಕಚೇರಿಯಿಂದ ಪದೇ ಪದೇ ಸದ್ದಿಲ್ಲದ ಡ್ಯುರೆಸ್ ಸಂಕೇತ ಬರುತ್ತಿತ್ತು. ಅಂದರೆ ಮಾಲೀಕನ ಕುತ್ತಿಗೆಗೆ ಚಾಕು ಹಿಡಿದು ಕೋಡ್ ಒತ್ತಿಸುತ್ತಿದ್ದಾರೆ ಅಂತ ಅರ್ಥ. ನಾವು ಎದ್ದುಬಿದ್ದು ಹೋಗುತ್ತಿದ್ದೆವು. ನೋಡಿದರೆ ಅಲ್ಲಿ ಡ್ಯುರೆಸ್ ಕೋಡ್ ಅಂದರೆ ಮಾಮೂಲಿ ಕೋಡಿನ ಕೊನೆಯ ಅಂಕೆಗೆ ಒಂದು ಕೂಡಿಸಿದ್ದು. ಕೊನೆಗೆ 4 ಒತ್ತುವ ಬದಲು ಬೆರಳು ಪಕ್ಕದ 5ರ ಮೇಲೆ ಬಿದ್ದರೆ ಸಾಕು, ಪೊಲೀಸ್ ಹಾಜರ್. ಸುಳ್ಳು ಅಲಾರಂ ತಗ್ಗಿಸಲೆಂದೇ ಇರುವ ಅಮೆರಿಕದ ಸಿಪಿ-01 ಮಾನದಂಡ ಈ ಏರ್ಪಾಡನ್ನೇ ಬೇಡ ಅನ್ನುತ್ತದೆ. ಪೂರ್ತಿ ಬೇರೆ ಕೋಡ್ ಹಾಕಿಸಿದೆವು, ಆ ಕಚೇರಿಯ ಕಾಟ ಅಲ್ಲಿಗೇ ನಿಂತಿತು. ಇನ್ನೊಂದು ಕಡೆ ಪಿಐಆರ್ ಸೆನ್ಸರಿನ (ಓಡಾಡುವವರ ಮೈಬಿಸಿ ಹಿಡಿಯುವ ಸೆನ್ಸರ್) ಮಸೂರದ ಮೇಲೇ ಜೇಡ ಮನೆ ಮಾಡಿಕೊಂಡಿತ್ತು. ಬೆರಳಷ್ಟಿನ ಜೇಡ ಮಸೂರಕ್ಕೆ ಅಂಟಿಕೊಂಡು ನಡೆದರೆ ಸೆನ್ಸರಿಗೆ ದೂರದಲ್ಲಿ ಆಳು ನಡೆದಷ್ಟೇ. ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಹೀಟರ್ ಗಾಳಿಗೆ ತೂಗಾಡುವ ಬ್ಯಾನರ್ ಏನು ಮಾಡುತ್ತದೆ ಅಂತಲೂ ಒಂದು ಸಂಜೆ ಕೂತು ನೋಡಿದೆ. ತಣ್ಣಗಿದ್ದಾಗ ಸುಮ್ನಿತ್ತು, ಕಾದ ಮೇಲೆ ಮತ್ತೆ ಮತ್ತೆ ಹೊಡೆಯಿತು.

ಕೊನೆಗೆ ನಿಂತ ಪದ್ಧತಿ ಹೀಗಿದೆ. ಸಂಕೇತ ಬಂದ ಮೇಲೆ ಅಲಾರಂ ಕಂಪನಿ ಮೊದಲು ಆ ಜಾಗಕ್ಕೆ ಫೋನ್ ಮಾಡಬೇಕು. ಎತ್ತದಿದ್ದರೆ ಕೀಲಿ ಇರುವವರ ಮೊಬೈಲಿಗೆ ಎರಡನೇ ಕರೆ. ಮೊದಲು ಒಂದೇ ಕರೆ ಅಂತ ಇಟ್ಟು ನೋಡಿದ್ದೆವು, ಖಾಲಿ ಕಟ್ಟಡದಲ್ಲಿ ಫೋನ್ ಎತ್ತುವವರು ಯಾರು? ಎರಡನೆಯದು ಸೇರಿದ ಮೇಲೇ ನಮಗೆ ಬರುವ ಅಲಾರಂ ಕರೆಗಳು ಇಳಿದವು. ಇದರ ಜೊತೆಗೆ ಎರಡನೇ ಸುಳಿವು ಬೇಕು. ಬೇರೆ ಜಾಗದ ಇನ್ನೊಂದು ಸೆನ್ಸರ್ ಹೊಡೆದಿರಬೇಕು, ಇಲ್ಲವೇ ಕ್ಯಾಮೆರಾದಲ್ಲಿ ಆಳು ಕಾಣಬೇಕು, ಇಲ್ಲವೇ ಅಕ್ಕಪಕ್ಕದವರು ಕಂಡು ಹೇಳಬೇಕು. ಬಾಗಿಲು ತೆರೆದದ್ದನ್ನು ಹಿಡಿಯುವ ಮ್ಯಾಗ್ನೆಟ್ ಸೆನ್ಸರ್, ಆಮೇಲೆ ಒಳಗಿನ ಪಿಐಆರ್ ಹೊಡೆದರೆ ಯಾರೋ ಬಾಗಿಲಿಂದ ಒಳಕ್ಕೆ ನಡೆದಿದ್ದಾರೆ ಅಂತ ಲೆಕ್ಕ. ಅದಕ್ಕೆ ಗಾಡಿ ತಕ್ಷಣ. ಒಂದೇ ಸೆನ್ಸರ್ ಆದರೆ ಕಂಪನಿಯ ಕಾವಲುಗಾರ ಹೋಗಿ ನೋಡಲಿ. ಪ್ಯಾನಿಕ್ ಬಟನ್, ಡ್ಯುರೆಸ್, ಬಂದೂಕು ಅಂಗಡಿ, ಇವು ಈ ಲೆಕ್ಕಕ್ಕೇ ಬರುವುದಿಲ್ಲ. ಅವಕ್ಕೆ ಯಾವಾಗಲೂ ಹೋಗಬೇಕು. ಮನುಷ್ಯ ಒತ್ತಿದ ಗುಂಡಿಯನ್ನು ಅನುಮಾನಿಸುವಂತಿಲ್ಲ.

ಎರಡನೇ ಕರೆಯಲ್ಲಿ ಕೇಳಿಸುವ ಒಂದು ಪ್ರಶ್ನೆ ಇದೆ, ಅದನ್ನು ಬರೆಯುವುದಿಲ್ಲ. ಗಾಡಿ ವಾಪಸ್ ಬಂದ ಮೇಲೆ ಅದೇ ಬೀದಿಗೆ ಎಷ್ಟು ಹೊತ್ತು ಬಿಟ್ಟು ಮತ್ತೆ ಹೋಗುತ್ತದೆ ಅನ್ನುವುದನ್ನೂ ಹೇಳುವುದಿಲ್ಲ. ಇದನ್ನು ಓದುವವರೆಲ್ಲ ನಮ್ಮವರೇ ಆಗಿರಬೇಕಿಲ್ಲ.

ದುಡ್ಡಿನ ವಿಷಯದಲ್ಲಿ ನನಗೆ ಹೆಮ್ಮೆ ಇದೆ. ಬಿಲ್ಲನ್ನು ಮಾಲೀಕನಿಂದ ತೆಗೆದು ಕಂಪನಿಗೆ ಹಾಕಿಸಿದವನು ನಾನು. ವರ್ಷಕ್ಕೆ ಎರಡು ಸುಳ್ಳು ಕರೆ ಮಾಫಿ. ಮೂರನೆಯದಕ್ಕೆ ಸಿಬ್ಬಂದಿ ಸಂಬಳ, ಗಾಡಿ ಖರ್ಚು ಪೂರ್ತಿ, ಆಮೇಲೆ ದುಪ್ಪಟ್ಟು. ಮಾಲೀಕನಿಗೆ ಹಾಳಾದ ಸೆನ್ಸರ್ ಯಾವುದು ಅಂತಲೇ ಗೊತ್ತಿರುವುದಿಲ್ಲ. ಕಂಪನಿಗೆ ಗೊತ್ತಿರುತ್ತದೆ, ಸರಿ ಮಾಡುವ ಆಳೂ ಅವರ ಹತ್ತಿರವೇ ಇರುತ್ತಾನೆ. ಮೊದಲ ಬಿಲ್ಲು ಹೋದ ಮೇಲೆ ಅವರ ಮೆಕ್ಯಾನಿಕ್‌ಗಳು ಏಣಿ ಹೊತ್ತುಕೊಂಡು ಓಡಾಡಿದ್ದನ್ನು ನೀವು ನೋಡಬೇಕಿತ್ತು. ಹೆಚ್ಚು ಕಾಟ ಕೊಡುತ್ತಿದ್ದ ಜಾಗಗಳು ಆರು ತಿಂಗಳೊಳಗೆ ತಣ್ಣಗಾದವು.

ಇದು ನನ್ನೊಬ್ಬನ ಹುಚ್ಚಲ್ಲ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸರು 2000ದ ಡಿಸೆಂಬರ್‌ನಿಂದ, ಯಾರಾದರೂ ಕಂಡು ಖಚಿತಪಡಿಸದ ಬರ್ಗ್ಲರ್ ಅಲಾರಮ್ಮಿಗೆ ಹೋಗುವುದನ್ನೇ ನಿಲ್ಲಿಸಿದರು. ಅಲಾರಂ ಓಡಾಟ ನೂರಕ್ಕೆ ಸುಮಾರು 90 ಭಾಗ ಇಳಿಯಿತು. ಬ್ರಿಟನ್ನಿನಲ್ಲಿ 12 ತಿಂಗಳಲ್ಲಿ ಮೂರು ಸುಳ್ಳು ಕರೆ ಆದರೆ ಪೊಲೀಸರು ಆ ಜಾಗಕ್ಕೆ ಬರುವುದನ್ನೇ ಹಿಂದಕ್ಕೆ ಪಡೆಯುತ್ತಾರೆ. ಮೇಲಿನವರನ್ನು ಒಪ್ಪಿಸಲು ನಾನು ಹಿಡಿದುಕೊಂಡು ಹೋದದ್ದು ಈ ಎರಡನ್ನೇ. ನಮ್ಮಲ್ಲಿ ಇಳಿದದ್ದು ಅಷ್ಟಲ್ಲ, ನಾಲ್ಕರಲ್ಲಿ ಮೂರು ಪಾಲು ಇರಬಹುದು. ಆದರೆ ಈಗ ಕಳಿಸುವ ಗಾಡಿ ದೀಪ ಹಾಕಿಕೊಂಡು ಹೋಗುತ್ತದೆ, ಹುಡುಗರು ಇಳಿದು ಹಿಂಬಾಗಿಲನ್ನೂ ನೋಡುತ್ತಾರೆ. ಒಳಗೇ ಸಿಕ್ಕಿಬೀಳುವವರು ಮೊದಲಿಗಿಂತ ಜಾಸ್ತಿ.

ಇನ್ನೂ ಕಾಡುತ್ತಿರುವುದು ಕೀಲಿ ಇರುವವರ ಪಟ್ಟಿ. ನಂಬರ್ ಬದಲಾಗುತ್ತದೆ, ಊರಲ್ಲಿ ಇರುವುದಿಲ್ಲ, ಕೆಲಸ ಬಿಟ್ಟಿರುತ್ತಾರೆ. ಆರು ತಿಂಗಳಿಗೊಮ್ಮೆ ಹಗಲಲ್ಲೇ ಫೋನ್ ಮಾಡಿಸಿ ನೋಡುತ್ತೇವೆ. ಎರಡೂ ನಂಬರ್ ಸತ್ತಿದ್ದರೆ, ಹೊಸದು ಕೊಡುವವರೆಗೆ ಆ ಜಾಗದ ಒಂಟಿ ಸಂಕೇತವನ್ನು ನಾವು ಸ್ವೀಕರಿಸುವುದೇ ಇಲ್ಲ ಅಂತ ಕಂಪನಿಗೆ ಬರೆದುಕೊಟ್ಟಿದ್ದೇವೆ.